ಅಚ್ಚುಮೆಚ್ಚು

ಸಂಕ್ರಾಂತಿಗೆ ಇನ್ನೂ ಹದಿನೈದು ದಿನಗಳಿರುವಾಗಲೇ ನಮ್ಮ ಮನೆಯ ಊಟದ ಮೇಜು ಕೈಬದಲಾಯಿತು. ಸಾರಿನ ಪಾತ್ರೆ ಇರಬೇಕಾದಲ್ಲಿ ಬಣ್ಣದ ಬಟ್ಟಲು, ಉಪ್ಪಿನಕಾಯಿಯ ಜಾಡಿ ಇರಬೇಕಾದಲ್ಲಿ ಅರ್ಧ ಕೊಯ್ದ ಆಲೂಗಡ್ಡೆ, ನನ್ನ ತಟ್ಟೆಯ ಜಾಗದಲ್ಲಿ ಹರವಿದ ಹಳೆಯ ವೃತ್ತಪತ್ರಿಕೆ! ಈ ರಾಜ್ಯಕ್ರಾಂತಿಯ ನಾಯಕಿ ನನ್ನ ಎಂಟು ವರ್ಷದ ಮಗಳು. ಈ ಸಲ ಹಬ್ಬದ ಶುಭಾಶಯವನ್ನು ಫೋನಿನಲ್ಲಿ ಕಳುಹಿಸಕೂಡದು, ಕೈಯಿಂದಲೇ ಅಚ್ಚೊತ್ತಿದ ಪತ್ರವನ್ನು ಅಂಚೆಯಲ್ಲಿ ಕಳುಹಿಸಬೇಕು ಎಂಬುದು ಆಕೆಯ ರಾಜಾಜ್ಞೆ.

ನಾನು ಪ್ರತಿಭಟಿಸದೆ ಇರಲಿಲ್ಲ. "ಹೋದ ವರ್ಷ ಹತ್ತು ನಿಮಿಷದಲ್ಲಿ ನೂರು ಜನಕ್ಕೆ ಶುಭಾಶಯ ಕಳಿಸಿದೆ, ಗೊತ್ತೇನೇ?" ಎಂದು ನನ್ನ ಪರಾಕ್ರಮವನ್ನು ಬಣ್ಣಿಸಿದೆ.

"ಅವರೆಲ್ಲ ಅದನ್ನ ಎಲ್ಲಿ ಇಟ್ಕೊಂಡಿದಾರೆ, ಅಪ್ಪ?" ಎಂದಳು ಮಗಳು.

ತರಗತಿಯಲ್ಲಿ ನೂರಿಪ್ಪತ್ತು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಎದೆಗೊಟ್ಟು ನಿಲ್ಲುವ ಅಧ್ಯಾಪಕನಿಗೆ ಈ ಒಂದು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ತೆಪ್ಪಗೆ ಅಂಗಿಯ ತೋಳು ಮಡಚಿ ಅವಳ ಶಿಷ್ಯನಾದೆ.

ಕನ್ನಡದ ಮೇಷ್ಟರ ಕೈಗೆ ಏನೇ ಕೊಟ್ಟರೂ ಅವರು ಮೊದಲು ಶಬ್ದಕೋಶವನ್ನು ತೆರೆಯುತ್ತಾರೆಂಬ ಅಪವಾದವಿದೆ. ಅದು ಸುಳ್ಳೆಂದು ನಾನು ಹೇಳಲಾರೆ. 'ಅಚ್ಚು' ಎಂಬ ಈ ಪುಟ್ಟ ಮಾತು ನಮ್ಮ ಬಾಳಿನಲ್ಲಿ ಎಲ್ಲೆಲ್ಲಿ ಒತ್ತಿಕೊಂಡಿದೆ, ನೋಡಿ. ಪುಸ್ತಕವನ್ನು ಅಚ್ಚು ಹಾಕುತ್ತೇವೆ. ಬೆಲ್ಲವನ್ನು ಅಚ್ಚಿಗೆ ಹೊಯ್ಯುತ್ತೇವೆ. ಮಗು ತಂದೆಯ ಪಡಿಯಚ್ಚು ಎನ್ನುತ್ತೇವೆ. ಒಪ್ಪವಾಗಿರುವುದೆಲ್ಲ ಅಚ್ಚುಕಟ್ಟು, ಕೆರೆಯ ನೀರುಣ್ಣುವ ಬಯಲೂ ಅಚ್ಚುಕಟ್ಟು. ಮನಸ್ಸಿಗೆ ಹಿಡಿಸಿದವರು ಅಚ್ಚುಮೆಚ್ಚು. ಮರೆಯಲಾಗದ ನೆನಪು ಅಚ್ಚಳಿಯದೆ ಉಳಿಯುತ್ತದೆ. ಈ ಮಾತುಗಳ ನಿಷ್ಪತ್ತಿಯನ್ನು ವೈಯಾಕರಣರಿಗೆ ಬಿಡೋಣ. ಒತ್ತಿದ್ದು ಉಳಿಯುತ್ತದೆ ಎಂಬ ತಿಳಿವಳಿಕೆ ಮಾತ್ರ ನಮ್ಮ ಭಾಷೆಗೆ ಬಹು ಹಿಂದಿನಿಂದಲೂ ಇದೆ.

ಇರಲಿ. ಪಾಂಡಿತ್ಯವನ್ನು ಬದಿಗಿಟ್ಟು ಕೆಲಸಕ್ಕೆ ಕೈಹಾಕಿದೆ, ಕೈಹಾಕಿದೊಡನೆ ಕೆಡಿಸಿದೆ.

ನಮ್ಮ ಅಡುಗೆಮನೆಯ ಅಟ್ಟದಲ್ಲಿ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳಿವೆ. ತುಳಸಿಕಟ್ಟೆ, ಗೋಪುರ, ಗಿಳಿ, ಮೀನು. ಅಮ್ಮ ಅವನ್ನು ನೀರಿನಲ್ಲಿ ನೆನೆಹಾಕಿ, ಎರಡು ಹೋಳುಗಳನ್ನು ಜೋಡಿಸಿ ದಾರ ಬಿಗಿದು, ಹದವಾದ ಪಾಕ ಹೊಯ್ದರೆ ಬಿಳಿಯ ಗೋಪುರ ಕಳಚಿಕೊಂಡು ಬರುತ್ತಿತ್ತು. ಇಷ್ಟು ಸುಂದರವಾದ ಅಚ್ಚು ಮನೆಯಲ್ಲೇ ಇರುವಾಗ ಹೊಸದನ್ನು ಕೊರೆಯುವುದೇಕೆಂದು ನಾನು ಗಿಳಿಗೆ ಹಸಿರು ಬಣ್ಣ ಬಳಿದು ಕಾಗದದ ಮೇಲೆ ಒತ್ತಿದೆ. ಮೂಡಿದ್ದು ಗಿಳಿಯಲ್ಲ, ಹಸಿರು ಇಟ್ಟಿಗೆ!

ನನ್ನ ಶ್ರೀಮತಿ ಸೌಟು ಹಿಡಿದೇ ಬಂದು ನೋಡಿದಳು. "ಗಿಳಿ ಒಳಕ್ಕೆ ಕೊರೆದಿದೆಯಲ್ರೀ, ಕಾಗದಕ್ಕೆ ಹೇಗೆ ತಾಗುತ್ತೆ? ತಾಗಿರೋದು ಸುತ್ತಲಿನ ಮರ" ಎಂದಳು. ಸತ್ಯವಾದ ಮಾತು. ತಗ್ಗಾಗಿ ಕೊರೆದ ಅಚ್ಚು ಪಾಕಕ್ಕೋ ಹಸಿ ಮಣ್ಣಿಗೋ ಸರಿ. ಅದು ತಗ್ಗಿಗೆ ಇಳಿದು ಉಬ್ಬಿ ಬರುತ್ತದೆ. ಸಿಂಧೂ ಕಣಿವೆಯ ಜನ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೃದುವಾದ ಬಳಪದ ಕಲ್ಲಿನಲ್ಲಿ ಗೂಳಿಯನ್ನೂ ಆನೆಯನ್ನೂ ಕೊರೆದ ಮುದ್ರೆಗಳು ಈ ಜಾತಿಯವು. ಕಾಗದಕ್ಕಾದರೋ ಚಿತ್ರ ಉಬ್ಬಿ ನಿಂತು ಸುತ್ತಲಿನದು ತಗ್ಗಬೇಕು. ಮೊದಲನೆಯ ಪಾಠ ಹೀಗೆ ಮುಗಿಯಿತು.

ಎರಡನೆಯದು ಇನ್ನೂ ಅವಮಾನಕರ. ಅಳಿಸುವ ರಬ್ಬರಿನ ಮೇಲೆ ಅರ್ಧ ಗಂಟೆ ಬೆವರು ಸುರಿಸಿ 'ಶ್ರೀ' ಎಂದು ಕೊರೆದು ಕೆಂಪು ಶಾಯಿಯಲ್ಲಿ ಒತ್ತಿದೆ. ಒತ್ತಿದ 'ಶ್ರೀ' ಕನ್ನಡಿಯೊಳಗಿನ 'ಶ್ರೀ'ಯಾಗಿತ್ತು. ಕನ್ನಡ ಎಂ.ಎ. ಪದವೀಧರನೊಬ್ಬ ಮೊದಲ ಅಕ್ಷರವನ್ನೇ ತಿರುಗಾಮುರುಗಾ ಬರೆದನೆಂಬ ವಾರ್ತೆ ಅಂದು ಸಂಜೆಯೊಳಗೆ ಬೀದಿಯ ಮಕ್ಕಳಿಗೆಲ್ಲ ತಲುಪಿತ್ತು.

ನನ್ನ ಅವಮಾನದಿಂದ ಓದುಗರಿಗಾದರೂ ಲಾಭವಾಗಲಿ. ಚಿತ್ರವನ್ನಾಗಲಿ ಅಕ್ಷರವನ್ನಾಗಲಿ ಮೊದಲು ತೆಳುವಾದ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಆ ಕಾಗದವನ್ನು ರಬ್ಬರಿನ ಮೇಲೆ ಬೋರಲು ಹಾಕಿ ಹಿಂದಿನಿಂದ ಉಗುರಿನಲ್ಲಿ ಉಜ್ಜಿದರೆ ಪೆನ್ಸಿಲಿನ ಗುರುತು ತಾನಾಗಿ ತಿರುಗಿ ಇಳಿಯುತ್ತದೆ. ಒತ್ತಿದಾಗ ನೇರವಾಗಿ ಮೂಡುತ್ತದೆ. ಕೊರೆಯುವಾಗ ಅಲಗನ್ನು ಗೆರೆಯಿಂದ ಹೊರಕ್ಕೆ ಓರೆ ಹಿಡಿಯಬೇಕು. ಆಗ ಗೆರೆಯ ಬುಡ ಗುಡ್ಡದ ಬುಡದಂತೆ ಅಗಲವಾಗಿ ನಿಂತು ಬಾಗುವುದಿಲ್ಲ. ಅಲಗಿನ ಕೆಲಸ ದೊಡ್ಡವರದು. ಮಕ್ಕಳ ಪಾಲಿಗೆ ತರಕಾರಿಯ ಬುಟ್ಟಿ ಇದೆ. ಬೆಂಡೆಕಾಯನ್ನು ಅಡ್ಡಲಾಗಿ ಕೊಯ್ದರೆ ಐದು ಎಸಳಿನ ಹೂವು ಸಿದ್ಧ. ಯಾವ ಶಿಲ್ಪಿಯೂ ಬೇಡ. ಆಲೂಗಡ್ಡೆಯನ್ನು ಸೀಳಿ ಮಾವಿನ ಎಲೆಯನ್ನೋ ಹಣತೆಯನ್ನೋ ಉಬ್ಬಿಸಬಹುದು. ಕೊಯ್ದ ಭಾಗದ ಪಸೆಯನ್ನು ಬಟ್ಟೆಯಿಂದ ಒತ್ತಿ ತೆಗೆಯದಿದ್ದರೆ ಬಣ್ಣ ನೀರಾಗಿ ಹರಡುತ್ತದೆ. ಈ ಅಚ್ಚುಗಳ ಆಯುಸ್ಸು ಒಂದೇ ದಿನ. ಮರುದಿನಕ್ಕೆ ಅವು ಬಾಡಿ ಚಿತ್ರವೂ ಬಾಡುತ್ತದೆ.

ಬಣ್ಣಕ್ಕೂ ದೂರ ಹೋಗಬೇಕಾಗಿಲ್ಲ. ತೆಳುವಾದ ಅಕ್ಕಿಯ ಗಂಜಿಯಲ್ಲಿ ಅರಿಶಿನ ಕಲಸಿದರೆ ಹಳದಿ. ಅದಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಆರತಿಯ ಓಕುಳಿಯ ಕೆಂಪು. ದೀಪದ ಕಾಡಿಗೆಯನ್ನು ಗೋಂದಿನ ನೀರಿನಲ್ಲಿ ಅರೆದರೆ ನಮ್ಮ ಹಿರಿಯರ ಮಸಿ. ಆದರೆ ಅರಿಶಿನ ಬಿಸಿಲಿಗೆ ನಿಲ್ಲದು, ಬೇಗ ಬಿಳಿಚುತ್ತದೆ. ಗೋಡೆಗೆ ತೂಗುಹಾಕುವ ಕೆಲಸವಿದ್ದರೆ ಅಂಗಡಿಯ ಬಣ್ಣವೇ ಲೇಸು. ಬಣ್ಣ ಜೇನಿನಷ್ಟು ಮಂದವಾಗಿರಲಿ. ಅಚ್ಚನ್ನು ಬಣ್ಣದ ಬಟ್ಟಲಿನಲ್ಲಿ ಅದ್ದಬಾರದು. ಬಣ್ಣ ಹೀರಿದ ಸ್ಪಂಜಿಗೋ ಮಡಿಸಿದ ಬಟ್ಟೆಗೋ ತಾಗಿಸಬೇಕು. ಕಾಗದದ ಅಡಿಯಲ್ಲಿ ನಾಲ್ಕು ಪದರ ಹಳೆಯ ಸೀರೆಯ ಮೆತ್ತೆ ಇದ್ದರೆ ಅಚ್ಚು ಎಲ್ಲ ಕಡೆಯೂ ಸಮನಾಗಿ ಕೂರುತ್ತದೆ. ಕಾಗದವೇ? ಮನೆಯಲ್ಲಿ ಕೂಡಿಟ್ಟ ಮದುವೆಯ ಕರೆಯೋಲೆಗಳ ಖಾಲಿ ಬೆನ್ನಿಗಿಂತ ಒಳ್ಳೆಯ ಗಟ್ಟಿ ಕಾಗದ ಎಲ್ಲಿ ಸಿಕ್ಕೀತು? ಹೀಗೆ ಒತ್ತಿದ ಮಾವಿನ ಎಲೆಗಳನ್ನು ಕತ್ತರಿಸಿ ದಾರಕ್ಕೆ ಪೋಣಿಸಿದರೆ ಬಾಡದ ತೋರಣ. ಕಾಗದದ ಪೊಟ್ಟಣದ ಮೇಲೆ ಒತ್ತಿದರೆ ಎಳ್ಳುಬೆಲ್ಲ ಬೀರುವುದಕ್ಕೆ ಸೊಗಸಾದ ಚೀಲ.

ಈ ನಮ್ಮ ಆಟ ಎಷ್ಟೋ ಸಂಸಾರಗಳಿಗೆ ಅನ್ನವೆಂಬುದನ್ನೂ ಮರೆಯಬಾರದು. ಗುಜರಾತಿನ ಪೇಥಾಪುರದಲ್ಲಿ ತೇಗದ ತುಂಡುಗಳ ಮೇಲೆ ಕೂದಲೆಳೆಯ ಗೆರೆಗಳನ್ನು ಕೊರೆಯುವ ಕುಶಲರಿದ್ದಾರೆ. ಬಣ್ಣವೊಂದಕ್ಕೆ ಅಚ್ಚೊಂದರಂತೆ, ನಾಲ್ಕು ಬಣ್ಣದ ಹೂವಿಗೆ ನಾಲ್ಕು ಅಚ್ಚುಗಳು ಒಂದರ ಮೇಲೊಂದು ಕೂದಲಷ್ಟೂ ಕದಲದೆ ಕೂರಬೇಕು. ಹೊಸ ಅಚ್ಚನ್ನು ದಿನಗಟ್ಟಲೆ ಎಣ್ಣೆಯಲ್ಲಿ ನೆನೆಸುತ್ತಾರೆ. ಒಳಗಿನ ಗಾಳಿ ಹೊರಟುಹೋಗಲೆಂದು ಅಚ್ಚಿನ ಮೈಯಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುತ್ತಾರೆ. ಜಯಪುರದ ಬಳಿಯ ಬಗರುವಿನಲ್ಲಿ ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿ ಕಪ್ಪು ಬಣ್ಣ ಮಾಡುತ್ತಾರೆ. ಗುಜರಾತಿನಲ್ಲಿ ಹೀಗೆ ಅಚ್ಚೊತ್ತಿದ ಬಟ್ಟೆಯ ಚೂರುಗಳು ಈಜಿಪ್ಟಿನ ಫುಸ್ತಾತ್‌ನಲ್ಲಿ ದೊರೆತಿವೆ. ಮಧ್ಯಯುಗದಲ್ಲೇ ಅವು ಕಡಲು ದಾಟಿದ್ದವು. ಆ ಕುಶಲರು ಅಚ್ಚನ್ನಿಟ್ಟು ಅಂಗೈಯ ಬುಡದಿಂದ ಒಂದು ಗುದ್ದು ಕೊಡುತ್ತಾರೆ, ಅಷ್ಟೆ. ಒಂದು ಗುದ್ದಿನಂತೆ ಇನ್ನೊಂದಿಲ್ಲ. ಆದ್ದರಿಂದಲೇ ಒಂದು ಹೂವಿನಂತೆ ಇನ್ನೊಂದು ಹೂವಿಲ್ಲ. ಯಂತ್ರದ ಅಚ್ಚಿನಲ್ಲಿ ಕಾಣದ ಜೀವ ಕಾಣುವುದು ಆ ಸಣ್ಣ ವ್ಯತ್ಯಾಸದಲ್ಲಿ.

ಶಾಯಿಯ ಮಾತು ಬಂದಾಗ ಮೈಸೂರಿನವನು ಸುಮ್ಮನಿರಲಾರ. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಮೈಸೂರು ಪೇಂಟ್ಸ್ ಸಂಸ್ಥೆ 1962ರ ಸಾರ್ವತ್ರಿಕ ಚುನಾವಣೆಯಿಂದ ಈ ಶಾಯಿಯನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿ ಬೆಳಕಿಗೆ ಕಪ್ಪಾಗುತ್ತದೆ, ಸಾಬೂನಿಗೆ ಜಗ್ಗುವುದಿಲ್ಲ. ಮೇಲಿನ ಚರ್ಮ ಸವೆದು ಉಗುರು ಬೆಳೆದ ಮೇಲೆಯೇ ಅದು ಮಾಯವಾಗುವುದು.

ಬೆರಳಿನಿಂದ ಮಾಯವಾಗುವ, ಆದರೆ ಅಳಿಯದ ಶಾಯಿಯೊಂದುಂಟು. ಅದನ್ನು ನಾನು ಈ ಮೇಜಿನ ಮುಂದೆ ಕುಳಿತೇ ನೆನೆಯಬೇಕಾಯಿತು.

ಮಗಳು ಕೊನೆಯ ಪತ್ರಕ್ಕೆಂದು ಒಂದು ಮರ ಬರೆದಳು. ಮನೆಯವರೆಲ್ಲರ ಹೆಬ್ಬೆಟ್ಟನ್ನು ಅದರ ಕೊಂಬೆಗಳ ಮೇಲೆ ಒತ್ತಿಸಿ, ಒಂದೊಂದಕ್ಕೂ ಕಾಲು, ಕಣ್ಣು, ಕೊಕ್ಕು ಬರೆದು ಹಕ್ಕಿ ಮಾಡುವುದು ಅವಳ ಯೋಜನೆ. ಅಮ್ಮ ಒತ್ತಿದರು, ಶ್ರೀಮತಿ ಒತ್ತಿದಳು, ನಾನೂ ಒತ್ತಿದೆ. ಒಂದು ಕೊಂಬೆ ಖಾಲಿ ಉಳಿಯಿತು.

"ಇದು ಧಾರವಾಡದ ಅತ್ತೆಗೆ. ಅವರ ಹೆಬ್ಬೆಟ್ಟು ಬೇಕು" ಎಂದಳು.

ಅಮ್ಮ ನನ್ನ ಮುಖ ನೋಡಲಿಲ್ಲ. ನಾನು ನನ್ನ ಹೆಬ್ಬೆರಳನ್ನು ನೋಡಿಕೊಂಡೆ.

ಮೂರು ವರ್ಷಗಳ ಹಿಂದೆ, ತಂದೆಯವರು ತೀರಿಕೊಂಡ ಮರುವರ್ಷ, ಈ ಮನೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಮ್ಮನಿಂದಲೂ ಅಕ್ಕನಿಂದಲೂ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡೆ. ಹೆಣ್ಣುಮಗಳಿಗೂ ಸಮಪಾಲುಂಟೆಂದು ಕಾನೂನು ಹೇಳುತ್ತದೆ. ಅದು ನನಗೆ ತಿಳಿಯದ ವಿಷಯವಲ್ಲ. ಅಕ್ಕ ಒಪ್ಪುತ್ತಾಳೆಂದು ನಾನೇ ಅಂದುಕೊಂಡೆನೇ ಹೊರತು ಅವಳನ್ನು ಕೇಳಲಿಲ್ಲ. ಪತ್ರವನ್ನು ಸಿದ್ಧಮಾಡಿಸಿಟ್ಟು, ಆಮೇಲೆ ಕರೆಸಿದೆ. ಅವಳು ಸಹಿ ಮಾಡಿ ಎಡಗೈ ಹೆಬ್ಬೆಟ್ಟೊತ್ತಿದಳು. ಬೆರಳಿನ ಶಾಯಿಯನ್ನು ಸೆರಗಿನ ಅಂಚಿಗೆ ಒರೆಸಿಕೊಂಡು, ಅಮ್ಮನಿಗೆ ನಮಸ್ಕರಿಸಿ, ಸಂಜೆಯ ರೈಲಿಗೆ ಹೊರಟುಹೋದಳು. ಅಂದಿನಿಂದ ಅಮ್ಮನೊಡನೆ ಮಾತು ಉಂಟು, ನನ್ನೊಡನೆ ಇಲ್ಲ. ಕಳೆದ ವರ್ಷ ನಾನು ಹತ್ತು ನಿಮಿಷದಲ್ಲಿ ಕಳುಹಿಸಿದ ನೂರು ಶುಭಾಶಯಗಳಲ್ಲಿ ಒಂದು ಅವಳಿಗೂ ಹೋಗಿತ್ತು. ಉತ್ತರ ಬರಲಿಲ್ಲ. ಬರಬೇಕಾದರೂ ಏಕೆ?

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೊಬ್ಬನೇ ಕುಳಿತು ಆ ಪತ್ರಕ್ಕೆ ಅಂಚು ಒತ್ತಿದೆ. ಮಗಳು ಹುಟ್ಟಿದಾಗ ಅಕ್ಕ ತಾನೇ ಕಸೂತಿ ಹಾಕಿ ಕಳುಹಿಸಿದ್ದ ಕುಲಾವಿಯೊಂದು ಪೆಟ್ಟಿಗೆಯಲ್ಲಿತ್ತು. ಅದರ ತೇರಿನ ಚಿತ್ತಾರವನ್ನು ಚೌಕುಳಿ ಕಾಗದಕ್ಕೆ ಇಳಿಸಿ ರಬ್ಬರಿನಲ್ಲಿ ಕೊರೆದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಒಂದು ವಿಶೇಷವಿದೆ. ಸೂಜಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಸಂದುಗಳನ್ನು ತುಂಬುತ್ತದೆ. ಮುಗಿದಾಗ ಬಟ್ಟೆಯ ಎರಡು ಮಗ್ಗುಲೂ ಒಂದೇ. ಅಚ್ಚಿಗೆ ಆ ಭಾಗ್ಯವಿಲ್ಲ. ಅದರಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಪತ್ರ ಬರೆಸಿಕೊಂಡವನಿಗೆ ನ್ಯಾಯವೆಂದು ಕಂಡದ್ದು ಬರೆದುಕೊಟ್ಟವಳಿಗೆ ಹೇಗೆ ಕಂಡಿತೆಂದು ನಾನು ತಿರುಗಿಸಿ ನೋಡಿರಲಿಲ್ಲ. ಪತ್ರದ ಒಳಗೆ ಎರಡೇ ಸಾಲು ಬರೆದೆ: "ಅಕ್ಕ, ಕೇಳದೆ ಬರೆಸಿಕೊಂಡದ್ದು ತಪ್ಪು. ಈಗ ಕೇಳುತ್ತಿದ್ದೇನೆ, ಏನು ಮಾಡಬೇಕೆಂದು ಹೇಳು."

ಸಂಕ್ರಾಂತಿ ಕಳೆದು ಒಂದು ವಾರವಾಯಿತು. ಎಳ್ಳು ತಿಂದು ಒಳ್ಳೆಯ ಮಾತಾಡಬೇಕೆಂದು ಊರೆಲ್ಲ ಒಬ್ಬರಿಗೊಬ್ಬರು ಹೇಳಿ ಮುಗಿಸಿದರು. ಹತ್ತನೆಯ ದಿನ ಅಂಚೆಯವನು ಮಗಳ ಹೆಸರಿಗೆ ಒಂದು ಲಕೋಟೆ ತಂದ. ಒಳಗೆ ನಮ್ಮದೇ ಮರ ಹಿಂದಿರುಗಿತ್ತು. ಜೊತೆಗೆ ಪುಟ್ಟ ಪೊಟ್ಟಣದಲ್ಲಿ ಧಾರವಾಡದ ಕುಸುರೆಳ್ಳು. ಖಾಲಿಯಾಗಿದ್ದ ಕೊಂಬೆಯ ಮೇಲೆ ಕುಂಕುಮದಲ್ಲಿ ಒತ್ತಿದ ಹೆಬ್ಬೆಟ್ಟು ಕುಳಿತಿತ್ತು. ಕೆಳಗೆ, ಇಪ್ಪತ್ತು ವರ್ಷ ಧಾರವಾಡದ ನೀರು ಕುಡಿದ ಅಕ್ಕನ ಕೈಬರಹ:

"ಪುಟ್ಟೀ, ನನ್ನ ಹಕ್ಕಿ ಬಂದು ಕೂತದ. ನಿಮ್ಮಪ್ಪನ ಹಕ್ಕಿಗೆ ಕೊಕ್ಕು ಬರಿಯೋದು ಮರತೀಯಲ್ಲ? ಕೊಕ್ಕಿಲ್ಲದ ಹಕ್ಕಿ ಮಾತಾಡೂದು ಹ್ಯಾಂಗ? ನಾನೇ ಬರದೀನಿ."

ನೋಡಿದೆವು. ಹೌದು, ನನ್ನ ಹೆಬ್ಬೆಟ್ಟಿನ ಹಕ್ಕಿಗೆ ನೀಲಿ ಶಾಯಿಯ ಪುಟ್ಟ ಕೊಕ್ಕು ಮೂಡಿತ್ತು.

ಇದನ್ನು ಕ್ಷಮೆಯೆಂದು ಎಣಿಸಿ ನಿಶ್ಚಿಂತನಾಗುವಷ್ಟು ಮೂಢ ನಾನಲ್ಲ. ನೋಂದಣಿಯಾದ ಆ ಪತ್ರ ಕಬ್ಬಿಣದ ಬೀರುವಿನಲ್ಲಿ ಹಾಗೆಯೇ ಇದೆ. ಅದರ ಮೇಲಿನ ಹೆಬ್ಬೆಟ್ಟೂ ಹಾಗೆಯೇ ಇದೆ. ನಾನು ಕೇಳಿದ ಪ್ರಶ್ನೆಗೆ ಅಕ್ಕ ಕಾಗದದಲ್ಲಿ ಉತ್ತರ ಬರೆದಿಲ್ಲ. ಅದನ್ನು ಬಾಯಿಂದ ಕೇಳಬೇಕು. ಬರುವ ಶನಿವಾರ ರಾತ್ರಿಯ ರೈಲಿಗೆ ಅಮ್ಮನನ್ನೂ ಕರೆದುಕೊಂಡು ಧಾರವಾಡಕ್ಕೆ ಹೊರಟಿದ್ದೇನೆ. ಚೀಲದಲ್ಲಿ ಆ ಪತ್ರವೂ ಇರುತ್ತದೆ.

ಊಟದ ಮೇಜು ಮಾತ್ರ ಇನ್ನೂ ನಮಗೆ ಮರಳಿ ದೊರೆತಿಲ್ಲ. ಯುಗಾದಿಗೆ ಬೇವಿನ ಎಲೆಯ ಅಚ್ಚು ಕೊರೆಯಬೇಕೆಂದು ಅದರ ಮೇಲೆ ಆಗಲೇ ಹೊಸ ಆಲೂಗಡ್ಡೆಗಳು ಬಂದು ಕುಳಿತಿವೆ.