ಟಿಕೆಟ್ಟಿನಲ್ಲಿ ಯಾರ ಫೋನ್ ನಂಬರು?

ಶಂಕಗಿರಿ ಲಾರಿಗಳ ಊರು. ದುರ್ಗದ ಬೆಟ್ಟದ ಕೆಳಗಿನ ಈ ಊರಿನಲ್ಲಿ ಸರಕು ತಡವಾದರೆ ಬುಕಿಂಗ್ ಆಫೀಸಿಗೆ ಬಂದವರು ಮೊದಲು ಕಷ್ಟ ತೋಡಿಕೊಳ್ಳುವುದಿಲ್ಲ, ಎಲ್.ಆರ್. ಸಂಖ್ಯೆ ಹೇಳುತ್ತಾರೆ, ಲಾರಿ ಎಲ್ಲಿದೆಯೆಂದು ಕೇಳುತ್ತಾರೆ. ಕಳುಹಿಸಿದವರು ಯಾರು, ಪಡೆಯಬೇಕಾದವರು ಯಾರು ಎಂಬುದೆಲ್ಲ ಆ ಒಂದು ಚೀಟಿಯಲ್ಲಿರುತ್ತದೆ. ಸರಕಿನ ವಿಷಯದಲ್ಲಿ ಇಷ್ಟು ಎಚ್ಚರವಿರುವ ಸೀಮೆಯ ಜನ, ತಾವೇ ವಿಮಾನ ಹತ್ತುವಾಗ ಮಾತ್ರ ತಮ್ಮ ಗುರುತಿಲ್ಲದ ಚೀಟಿ ಹಿಡಿದು ಹೊರಡುತ್ತಾರೆ.

ಓಮಲೂರಿನ ಬಳಿಯ ಸೇಲಂ ವಿಮಾನ ನಿಲ್ದಾಣಕ್ಕೆ 2018ರಲ್ಲಿ ಉಡಾನ್ ಯೋಜನೆಯಡಿ ವಿಮಾನ ಬಂದಿತು. ನಡುವೆ ನಿಂತು, 2023ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಯಿತು. ದೂರದ ಪಯಣಕ್ಕೆ ಬೆಂಗಳೂರೋ ಕೊಯಮತ್ತೂರೋ ಚೆನ್ನೈಯೋ ಆಗಬೇಕು. ಸೇಲಂ, ಧರ್ಮಪುರಿ ಕಡೆಯ ಕನ್ನಡ ಮನೆಗಳ ಹಿರಿಯರು ಮಕ್ಕಳನ್ನು ನೋಡಲು ಹೀಗೆ ಹೊರಡುವುದು ಈಗ ಅಪರೂಪವಲ್ಲ. ಟಿಕೆಟ್ಟನ್ನು ಏಜೆಂಟರು ಮಾಡಿಕೊಡುತ್ತಾರೆ, ಇಲ್ಲವೆ ಮಗನೇ ಕಳುಹಿಸುತ್ತಾನೆ. ಅದರಲ್ಲಿ ನಮೂದಾಗುವುದು ಏಜೆಂಟರ ಫೋನ್ ನಂಬರು ಅಥವಾ ಮಗನದು. ಹೊರಡುವ ವೇಳೆ ಬದಲಾದ ಸಂದೇಶ ಅಲ್ಲಿಗೆ ಹೋಗುತ್ತದೆ. ಏಜೆಂಟರು ಅಂಗಡಿ ಮುಚ್ಚಿ ಮನೆಗೆ ಹೋಗಿರುತ್ತಾರೆ. ಇಲ್ಲಿ ಹಗಲಾಗಿದ್ದರೆ ಅಮೆರಿಕದ ಮಗನಿಗೆ ಅದು ನಡುರಾತ್ರಿ. ತಾಯಿ ನಿಲ್ದಾಣದ ಬಾಗಿಲಿಗೆ ಬಂದ ಮೇಲೆಯೇ ಸಂಗತಿ ತಿಳಿಯುವುದು.

ಇದರಿಂದಾಗುವ ನಷ್ಟ ಕೇವಲ ಹೊತ್ತಿನದಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2010ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಸಕಾಲದಲ್ಲಿ ತಿಳಿಸದೆ ಹಾರಾಟ ರದ್ದುಮಾಡಿದ ಸಂಸ್ಥೆ ಬೇರೆ ವಿಮಾನವನ್ನೋ ಟಿಕೆಟ್ಟಿನ ಹಣವನ್ನೋ ಕೊಡಬೇಕು. ಅದರ ಮೇಲೆ ಪರಿಹಾರವನ್ನೂ ಕೊಡಬೇಕು. ಹಾರಾಟದ ಅವಧಿಗೆ ತಕ್ಕಂತೆ ಪರಿಹಾರ 5,000, 7,500 ಅಥವಾ 10,000 ರೂಪಾಯಿ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಾದರೆ ಆ ಕಡಿಮೆ ಮೊತ್ತ. ಹವಾಮಾನದಂತಹ, ಸಂಸ್ಥೆಯ ಕೈಮೀರಿದ ಕಾರಣಗಳಿಗೆ ಪರಿಹಾರವಿಲ್ಲ. ಇದೇ ನಿಯಮದಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿದೆ: ಟಿಕೆಟ್ ಕೊಳ್ಳುವಾಗ ತನ್ನನ್ನು ಸಂಪರ್ಕಿಸುವ ವಿವರವನ್ನು ಸರಿಯಾಗಿ ಕೊಡದ ಪ್ರಯಾಣಿಕನಿಗೆ ಈ ಪರಿಹಾರ ಸಲ್ಲುವುದಿಲ್ಲ. ಆದುದರಿಂದ ಸಹಾಯ ಬೇಗ ದೊರೆಯುವುದೋ ಇಲ್ಲವೋ ಎಂಬುದು ಸಹಾಯವಾಣಿಗೆ ಕರೆಮಾಡಿದ ಗಳಿಗೆಯಲ್ಲಿ ನಿರ್ಧಾರವಾಗುವುದಲ್ಲ. ಬಹುಮಟ್ಟಿಗೆ ಟಿಕೆಟ್ ಮಾಡಿಸಿದ ದಿನವೇ ತೀರ್ಮಾನವಾಗಿರುತ್ತದೆ.

ಕರೆಮಾಡಿದಾಗಿನ ತೊಡಕು ಬೇರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಹಾಯವಾಣಿಯಲ್ಲಿ ಇಂಗ್ಲಿಷು ಅಥವಾ ಹಿಂದಿ. ಅಲ್ಲಿಯೂ ಲಾರಿ ಆಫೀಸಿನ ಕ್ರಮವೇ ಫಲಕಾರಿ. ಮೊದಲು ಆರು ಅಕ್ಷರ–ಅಂಕಿಗಳ ಪಿ.ಎನ್.ಆರ್., ಬಳಿಕ ವಿಮಾನದ ಸಂಖ್ಯೆ, ಬಳಿಕ ಬೇಕಾದುದೇನೆಂಬ ಒಂದೇ ವಾಕ್ಯ: ನಾಳೆಯ ವಿಮಾನವೋ, ಹಣವೋ. ಮುಂಜಾನೆ ಶಂಕಗಿರಿ ಬಿಟ್ಟ ಕಥೆಯಿಂದ ತೊಡಗಿದರೆ ಕೇಳುವವರ ತಾಳ್ಮೆಗಿಂತ ಮೊದಲು ಫೋನಿನ ಹಣ ಮುಗಿಯುತ್ತದೆ. ಕರೆ ಕಾಯುತ್ತಿರುವಾಗಲೇ ನಿಲ್ದಾಣದ ಕೌಂಟರಿನ ಸಾಲಿನಲ್ಲಿಯೂ ನಿಲ್ಲುವುದು ಜಾಣತನ. ಅಂತರಜಾಲದಲ್ಲಿ ಹುಡುಕಿ ಸಿಕ್ಕ ಯಾವುದೋ ನಂಬರಿಗೆ ಕರೆಮಾಡುವುದು ಮಾತ್ರ ಅಪಾಯ. ಸಹಾಯವಾಣಿಯ ವೇಷದ ವಂಚಕರು ಅಲ್ಲಿ ಕಾದಿರುತ್ತಾರೆ. ಸಂಸ್ಥೆಯ ಸ್ವಂತ ಜಾಲತಾಣದಲ್ಲಿರುವ ನಂಬರೇ ಆಗಬೇಕು.

ಎಲ್ಲ ಹೊರೆಯನ್ನೂ ಪ್ರಯಾಣಿಕನ ಮೇಲೆ ಹೊರಿಸುವುದು ನ್ಯಾಯವೇ ಎಂಬ ಆಕ್ಷೇಪ ಏಳುವುದು ಸಹಜ. ಅದು ಸರಿಯಾದ ಆಕ್ಷೇಪವೇ. 2025ರ ಡಿಸೆಂಬರಿನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿದ್ಧವಾಗದ ಇಂಡಿಗೋ ಸಂಸ್ಥೆ ಕೆಲವೇ ದಿನಗಳಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಮಾಡಿದಾಗ, ಎಷ್ಟು ಜಾಣತನದಿಂದ ಕರೆಮಾಡಿದವರೂ ನಿಲ್ದಾಣದ ನೆಲದಲ್ಲಿಯೇ ಮಲಗಬೇಕಾಯಿತು. ಬಾಕಿ ಹಣವನ್ನು ಡಿಸೆಂಬರ್ 7ರ ರಾತ್ರಿ 8 ಗಂಟೆಯೊಳಗೆ ಹಿಂದಿರುಗಿಸಬೇಕೆಂದು ಸರಕಾರವೇ ಗಡುವು ಹಾಕಬೇಕಾಯಿತು. ಆದರೆ ಸರಕಾರ ಎಚ್ಚೆತ್ತದ್ದು ಲಕ್ಷಾಂತರ ಜನ ಒಮ್ಮೆಗೇ ಸಿಕ್ಕಿಬಿದ್ದುದರಿಂದ. ಒಂದು ಸಾಮಾನ್ಯ ಮಂಗಳವಾರ ಒಬ್ಬಳೇ ಸಿಕ್ಕಿಬಿದ್ದ ತಾಯಿಗೆ ಯಾರೂ ಗಡುವು ಹಾಕಿಕೊಡುವುದಿಲ್ಲ. ಅವಳಿಗಿರುವುದು ಕೈಯಲ್ಲಿನ ಚೀಟಿ. ಅದು ಸಾಲದಾದರೆ ಸಂಸ್ಥೆಯ ನೋಡಲ್ ಅಧಿಕಾರಿ, ಕೇಂದ್ರದ ಏರ್‌ಸೇವಾ, ಗ್ರಾಹಕ ಸಹಾಯವಾಣಿ 1915. ಇದಾವುದೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಅದಕ್ಕಾಗಿ ವಿಮಾನ ಸಂಸ್ಥೆಯ ಊರಿಗೆ ಅಲೆಯಬೇಕಿಲ್ಲ.

ವ್ಯಾವಹಾರಿಕ ಕನ್ನಡದ ಪಾಠಗಳಲ್ಲಿ ರಜೆಯ ಅರ್ಜಿ ಇನ್ನೂ ಮೊದಲ ಸ್ಥಾನದಲ್ಲಿದೆ. ಅದರ ಪಕ್ಕದಲ್ಲಿ ಹತ್ತು ಸಾಲಿನ ಒಂದು ದೂರುಪತ್ರಕ್ಕೂ ಎಡೆಯಾಗಬೇಕು: ಸಂಖ್ಯೆ, ದಿನಾಂಕ, ನಡೆದದ್ದು, ಬೇಕಾದದ್ದು. ಕನ್ನಡದಲ್ಲಿ ಹೀಗೆ ಅಡಕವಾಗಿ ಬರೆಯಬಲ್ಲ ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಲು ತಿಣುಕಲಾರಳು. ಅಜ್ಜಿಯ ಟಿಕೆಟ್ ಮಾಡಿಸುವಾಗ ಏಜೆಂಟರ ಎದುರು ಕುಳಿತು, ಅಜ್ಜಿಯ ಫೋನ್ ನಂಬರನ್ನೇ ಬರೆಯಿರಿ ಎನ್ನುವವಳೂ ಅವಳೇ ಆಗಬಹುದು.