ತೊಟ್ಟಿ ತರೋದು ಸರಿ, ಸುರಿಯೋದು ಎಲ್ಲಿ ಸ್ವಾಮಿ?

ತಾಯಲೂರಿನಂಥ ಹೋಬಳಿ ಊರಿನಲ್ಲಿ ಒಂದು ಹಳೇ ಮನೆ ಕೆಡವಿದರೆ ಮೊದಲು ಗೊತ್ತಾಗೋದು ನೆಂಟರಿಗಲ್ಲ, ಬಸ್ಸಿನ ಡ್ರೈವರಿಗೆ. ನಿನ್ನೆ ಸಲೀಸಾಗಿ ಹೋದ ರಸ್ತೆಯಲ್ಲಿ ಇವತ್ತು ಅರ್ಧಕ್ಕೆ ಮಣ್ಣಿನ ಗುಡ್ಡೆ. ಮಗ್ಗುಲಲ್ಲೇ ಕಲ್ಲು ಚಪ್ಪಡಿ, ಮುರಿದ ಹೆಂಚು, ತುಕ್ಕು ಹಿಡಿದ ತಗಡು. ಮುಳಬಾಗಿಲಿನಿಂದ ಬಂದ ಬಸ್ಸು ಹಾರನ್ ಹೊಡೆಯುತ್ತೆ, ಎದುರಿಗೆ ಬಂದ ಟೊಮೇಟೊ ಗಾಡಿ ಹಿಂದಕ್ಕೆ ಹೋಗಲ್ಲ ಅನ್ನುತ್ತೆ. ಪಕ್ಕದ ಅಂಗಡಿಯವರು ಬೆಳಗ್ಗೆ ಒರೆಸಿಟ್ಟ ಬಿಸ್ಕತ್ ಡಬ್ಬವನ್ನು ಮಧ್ಯಾಹ್ನ ಮತ್ತೆ ಒರೆಸಬೇಕು. ಮನೆಯವರನ್ನು ಕೇಳಿದರೆ, "ಟ್ರ್ಯಾಕ್ಟರ್‌ನೋನಿಗೆ ಹೇಳಿದೀವಿ ಅಣ್ಣಾ, ನಾಳೆ ಬರ್ತಾನೆ" ಅನ್ನುತ್ತಾರೆ. ಆ ನಾಳೆ ಯುಗಾದಿಗೆ ಬಂದರೂ ಬಂತು, ದೀಪಾವಳಿಗೆ ಬಂದರೂ ಬಂತು!

ಹಾಗಂತ ಮನೆಯವರನ್ನೇ ಬೈದು ಪ್ರಯೋಜನವಿಲ್ಲ. ಟ್ರ್ಯಾಕ್ಟರಿನವನಿಗೂ ಅವನ ಕಷ್ಟ ಇದೆ. ಆಳುಗಳು ಬಾಂಡ್ಲಿಯಲ್ಲಿ ಮಣ್ಣು ತುಂಬಿ ಮುಗಿಸೋವರೆಗೆ ಗಾಡಿ ಅಲ್ಲೇ ನಿಂತಿರಬೇಕು. ರಾಗಿ ಬಿತ್ತನೆ ಕಾಲದಲ್ಲಿ ಹೊಲ ಉಳೋ ಬಾಡಿಗೆ ಬಿಟ್ಟು ಯಾರು ತಾನೇ ಬೀದಿಯಲ್ಲಿ ಗಾಡಿ ನಿಲ್ಲಿಸಿ ಬೀಡಿ ಸೇದುತ್ತಾ ಕೂರುತ್ತಾರೆ?

ಇಂಥಾ ಕಡೆ ಒಬ್ಬ ಹುಡುಗ ಧೈರ್ಯ ಮಾಡಿ, "ತೊಟ್ಟಿ ನಿಮ್ಮ ಮನೆ ಮುಂದೆ ಬಿಟ್ಟು ಹೋಗ್ತೀನಿ, ಎರಡು ದಿನ ನಿಧಾನಕ್ಕೆ ತುಂಬ್ಕೊಳ್ಳಿ, ಆಮೇಲೆ ಬಂದು ಎತ್ಕೊಂಡು ಹೋಗ್ತೀನಿ" ಅಂತ ದಂಧೆ ಶುರು ಮಾಡಿದರೆ ಅದು ಊರಿಗೇ ಒಳ್ಳೆಯದು. ಇದೇನೂ ಹೊಸ ವಿದ್ಯೆ ಅಲ್ಲ. ಅಮೇರಿಕದ ಟೆನೆಸೀ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಜಾರ್ಜ್ ಡೆಂಪ್‌ಸ್ಟರ್ ಎಂಬಾತ ೧೯೩೦ರ ದಶಕದಲ್ಲೇ ಗಾಡಿಯಿಂದ ಬೇರೆ ಮಾಡಬಹುದಾದ ಕಸದ ತೊಟ್ಟಿ ಕಂಡುಹಿಡಿದ. ಅವನ ಹೆಸರಿನಿಂದಲೇ ಅಲ್ಲಿ ತೊಟ್ಟಿಗೆ 'ಡಂಪ್‌ಸ್ಟರ್' ಎಂಬ ಹೆಸರು ನಿಂತುಬಿಟ್ಟಿತು. ನಮ್ಮ ನಗರಗಳಲ್ಲೂ ಡಂಪರ್ ಪ್ಲೇಸರ್ ಎಂಬ ಗಾಡಿ ಕಬ್ಬಿಣದ ತೊಟ್ಟಿಯನ್ನು ಸರಪಳಿಯಲ್ಲಿ ಎತ್ತಿಕೊಂಡು ಹೋಗೋದನ್ನು ಬಸ್ಸಿನ ಕಿಟಕಿಯಿಂದ ನೋಡದವರು ಕಮ್ಮಿ.

ಆದರೆ ಹುಡುಗನ ತಲೆಯಲ್ಲಿ ಇರೋದು ಒಂದೇ ಪ್ರಶ್ನೆ: ಯಾವ ಟ್ರೇಲರ್ ತಗೊಳ್ಳಲಿ? ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಅದು ಯಾವುದು ಅಂತ ಹೇಳೋ ಮುಂಚೆ ಟ್ರೇಲರಿನ ಕಥೆಯನ್ನೇ ನೋಡಿಬಿಡೋಣ.

ಮೂರು ತರದ ಗಾಡಿ

ಮೊದಲನೆಯದು ಊರಲ್ಲೆಲ್ಲಾ ಇರುವ ಸಾದಾ ಟ್ರೇಲರ್. ತುಂಬೋದೂ ಕೈಯಲ್ಲಿ, ಇಳಿಸೋದೂ ಕೈಯಲ್ಲಿ. ನಾಲ್ಕು ಟನ್ ಕಲ್ಲುಮಣ್ಣು ಇಳಿಸಲು ಇಬ್ಬರು ಆಳಿಗೆ ಒಂದು ಗಂಟೆಗೆ ಕಮ್ಮಿ ಹಿಡಿಯಲ್ಲ. ಕಂತು ಕಮ್ಮಿ, ಕೂಲಿ ಜಾಸ್ತಿ.

ಎರಡನೆಯದು ಹೈಡ್ರಾಲಿಕ್ ಜಾಕ್ ಇರೋ ಟಿಪ್ಪಿಂಗ್ ಟ್ರೇಲರ್. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ಒತ್ತಡದಲ್ಲೇ ತೊಟ್ಟಿ ಮೇಲೆದ್ದು ಎರಡು ನಿಮಿಷದಲ್ಲಿ ಖಾಲಿ. ಆದರೆ ತುಂಬೋವಾಗ ಗಾಡಿ ಕಾದು ನಿಲ್ಲೋದು ತಪ್ಪಲ್ಲ. ಇಳಿಜಾರಿನಲ್ಲೋ ಹೊಸದಾಗಿ ಹಾಕಿದ ಮಣ್ಣಿನ ಮೇಲೋ ನಿಲ್ಲಿಸಿ ತೊಟ್ಟಿ ಎತ್ತಿದರೆ ಮಗ್ಗುಲಿಗೆ ಮಗುಚಿಕೊಳ್ಳುತ್ತೆ. ಎತ್ತಿದ ತೊಟ್ಟಿಯ ಕೆಳಗೆ ರಿಪೇರಿಗೆ ತೂರುವವರು ಗಟ್ಟಿಯಾದ ಊರುಗೋಲು ಕೊಡದೆ ತಲೆ ಒಡ್ಡಿದರೆ ಪ್ರಾಣಕ್ಕೇ ಸಂಚಕಾರ.

ಮೂರನೆಯದೇ ತೊಟ್ಟಿ ಬಿಟ್ಟು ಹೋಗುವ ಗಾಡಿ. ಕಬ್ಬಿಣದ ತೋಳಿನ ಕೊಕ್ಕೆಯೋ ತಂತಿ ಹಗ್ಗವೋ ತೊಟ್ಟಿಯನ್ನು ಎಳೆದು ಮೇಲೆ ಕೂರಿಸಿಕೊಳ್ಳುತ್ತೆ, ಬೇಕಾದ ಕಡೆ ಜಾರಿಸಿ ಇಳಿಸುತ್ತೆ. ಒಂದು ಗಾಡಿ, ಮೂರು ತೊಟ್ಟಿ. ಮೂರು ಬೀದಿಯಲ್ಲಿ ತೊಟ್ಟಿ ತುಂಬ್ತಾ ಇರುತ್ತೆ, ಟ್ರ್ಯಾಕ್ಟರ್ ಹೊಲದಲ್ಲಿ ಉಳ್ತಾ ಇರುತ್ತೆ. ಲಾರಿ ಮೇಲೆ ಕೂರಿಸಿದ ಯಂತ್ರಕ್ಕಿಂತ ಟ್ರ್ಯಾಕ್ಟರಿಗೆ ಕಟ್ಟುವ ಗಾಡಿ ನಮ್ಮ ಕಡೆಗೆ ಒಪ್ಪೋದು ಇದೇ ಕಾರಣಕ್ಕೆ. ಲಾರಿ ನೇಗಿಲು ಎಳೆಯಲ್ಲ!

ಇದಕ್ಕೂ ಒಂದು ಕೊರತೆ ಇದೆ. ತೊಟ್ಟಿ ಎತ್ತಲು ಅದರ ಮುಂದೆ ನೇರಕ್ಕೆ ಇಪ್ಪತ್ತೈದು ಮೂವತ್ತು ಅಡಿ ಜಾಗ ಬೇಕು. ಮೇಲೆ ಕರೆಂಟ್ ತಂತಿ ಇರಬಾರದು. ಆದ್ದರಿಂದ ಕೊಳ್ಳೋ ಮುಂಚೆ ಒಂದು ಹಗ್ಗವನ್ನು ಅಷ್ಟುದ್ದ ಅಳೆದುಕೊಂಡು ಊರ ಬೀದಿ ಬೀದಿ ಸುತ್ತಿ ಬರಬೇಕು. ಯಾವ ಮನೆ ಮುಂದೆ ಹಗ್ಗ ನೇರವಾಗಿ ಬೀಳುತ್ತೋ ಅವರೇ ಗಿರಾಕಿ. ಮಿಕ್ಕವರಿಗೆ ಟಿಪ್ಪಿಂಗ್ ಟ್ರೇಲರೇ ಗತಿ. ಇನ್ನೊಂದು ಮಾತು: ಮೂರೂ ತೊಟ್ಟಿಯ ಕೊಕ್ಕೆ ಒಂದೇ ಎತ್ತರದಲ್ಲಿ, ಒಂದೇ ಅಳತೆಯಲ್ಲಿ ಇರಬೇಕು. ಒಂದು ತೊಟ್ಟಿ ಇಲ್ಲಿ, ಇನ್ನೊಂದು ಅಲ್ಲಿ ಮಾಡಿಸಿ ಆಮೇಲೆ ವೆಲ್ಡಿಂಗ್ ಅಂಗಡಿಗೆ ಅಲೆಯೋದು ಬೇಡ.

ಕಣ್ಣಳತೆ ಬೇರೆ, ತೂಕ ಬೇರೆ

"ದೊಡ್ಡ ತೊಟ್ಟಿ ತಗೊಂಡ್ರೆ ಒಂದೇ ಸಲಕ್ಕೆ ಮುಗೀತದೆ" ಅನ್ನೋ ಲೆಕ್ಕ ಎಷ್ಟೋ ಜನರನ್ನು ಹಳ್ಳಕ್ಕೆ ಕೆಡವಿದೆ. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಟ್ರೇಲರ್ ಅಂದರೆ ೧೨೦ ಘನ ಅಡಿ. ಅದರ ತುಂಬ ಒಣ ಕಸವೋ ಪ್ಲಾಸ್ಟಿಕ್ಕೋ ಇದ್ದರೆ ಒಂದು ಟನ್ನೂ ಆಗಲ್ಲ. ಅದೇ ಜಾಗಕ್ಕೆ ಒಡೆದ ಗೋಡೆಯ ಇಟ್ಟಿಗೆ, ಕಾಂಕ್ರೀಟು ತುಂಬಿದರೆ ನಾಲ್ಕೂವರೆ ಐದು ಟನ್. ಕಣ್ಣಿಗೆ ಎರಡೂ ಒಂದೇ, ಟೈರಿಗೆ ಒಂದೇ ಅಲ್ಲ. ಅಮೇರಿಕದಲ್ಲಿ ಸಣ್ಣ ಗಾಡಿಯ ಹಿಂದೆ ಎಳೆಯುವ ತೊಟ್ಟಿ ಟ್ರೇಲರ್‌ಗಳಲ್ಲಿ ಗಾಡಿ, ತೊಟ್ಟಿ, ಸರಕು ಎಲ್ಲಾ ಸೇರಿ ೧೪,೦೦೦ ಪೌಂಡ್, ಅಂದರೆ ಸುಮಾರು ೬,೩೫೦ ಕಿಲೋ, ಸಾಮಾನ್ಯವಾಗಿ ಕಾಣುವ ಮಿತಿ. ಅಲ್ಲಿ ಹತ್ತು ಘನ ಗಜದ ತೊಟ್ಟಿಗೆ ಕಾಂಕ್ರೀಟು ಬಾಯಿ ಮಟ್ಟ ತುಂಬಿದರೆ ಅದೊಂದೇ ಹತ್ತು ಟನ್ ದಾಟುತ್ತೆ. ಅಂದರೆ ಅಲ್ಲೂ ಅರ್ಧ ತುಂಬೋ ಮುಂಚೆಯೇ ನಿಲ್ಲಿಸಬೇಕು.

ನಮ್ಮ ಜನಕ್ಕೆ ಗೊತ್ತಿರೋ ಅಳತೆ ಯೂನಿಟ್ಟು. ಒಂದು ಯೂನಿಟ್ ಅಂದರೆ ನೂರು ಘನ ಅಡಿ. ಎಂಟಡಿ, ಐದಡಿ, ಎರಡೂವರೆ ಅಡಿಯ ತೊಟ್ಟಿ ಮಾಡಿಸಿದರೆ ಸರಿಯಾಗಿ ಒಂದು ಯೂನಿಟ್. ಕಲ್ಲುಮಣ್ಣು ತುಂಬಿದರೆ ನಾಲ್ಕು ಟನ್ ಆಸುಪಾಸು. ಗಿರಾಕಿಗೂ ಲೆಕ್ಕ ಗೊತ್ತಾಗುತ್ತೆ, ಮೇಸ್ತ್ರಿ ಜೊತೆ ಜಗಳವೂ ಇರಲ್ಲ. ಕಾಂಕ್ರೀಟಿಗೆ ಇಷ್ಟೇ ಅಂತ ತೊಟ್ಟಿಯ ಒಳಗೆ ಒಂದು ಕೆಂಪು ಗೆರೆ ಎಳೆದುಬಿಟ್ಟರೆ ಇನ್ನೂ ಒಳ್ಳೇದು. ಕೊಕ್ಕೆ ತೋಳಿನ ಭಾರವನ್ನೂ ಟ್ರೇಲರ್ ಹೊತ್ತಿರುತ್ತೆ ಅನ್ನೋದು ನೆನಪಿರಲಿ. ಮಾರೋನು ಹೇಳೋದು ಒಟ್ಟು ತೂಕ, ಕೊಳ್ಳೋನು ಕೇಳಬೇಕಾದ್ದು ಸರಕಿನ ತೂಕ.

ಮೂಕಿ ಭಾರ, ಬ್ರೇಕು, ಲೈಟು

ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರ ಆದರೆ ಎತ್ತಿನ ಕತ್ತು ನೋವು, ಹಿಂಭಾರ ಆದರೆ ಮೂಕಿ ಆಕಾಶಕ್ಕೆ. ಎರಡು ಚಕ್ರದ ಟ್ರೇಲರೂ ಹಾಗೇ. ಸ್ವಲ್ಪ ಭಾರ ಟ್ರ್ಯಾಕ್ಟರಿನ ಮೇಲೆ ಬಿದ್ದರೆ ಹಿಂದಿನ ಚಕ್ರಕ್ಕೆ ಹಿಡಿತ ಬರುತ್ತೆ. ಜಾಸ್ತಿ ಬಿದ್ದರೆ ಏರಿನಲ್ಲಿ ಮುಂದಿನ ಚಕ್ರ ಎದ್ದು ಸ್ಟೇರಿಂಗ್ ಮಾತು ಕೇಳಲ್ಲ. ನಾಲ್ಕು ಚಕ್ರದ್ದು ತನ್ನ ಭಾರ ತಾನೇ ಹೊರುತ್ತೆ, ಆದರೆ ಇಕ್ಕಟ್ಟು ಬೀದಿಯಲ್ಲಿ ರಿವರ್ಸ್ ತೆಗೆಯಲು ಡ್ರೈವರಿಗೆ ಬೆವರು ಇಳಿಯುತ್ತೆ. ಒಂದು ಯೂನಿಟ್ ತೊಟ್ಟಿಗೆ, ಹೋಬಳಿ ಊರಿನ ಬೀದಿಗೆ, ಎರಡು ಚಕ್ರದ್ದೇ ಸಾಕು. ಟೈರು ಮಾತ್ರ ಹಳೇದು ಬೇಡ.

ಬಸ್ಸಿನಲ್ಲಿ ಓಡಾಡುವವರು ಗಮನಿಸಬೇಕಾದ್ದು ಬೇರೆ. ಟ್ರೇಲರಿಗೆ ತನ್ನದೇ ಬ್ರೇಕ್ ಇದೆಯಾ? ಇಲ್ಲದಿದ್ದರೆ ಇಳಿಜಾರಿನಲ್ಲಿ ನಾಲ್ಕು ಟನ್ ಹಿಂದಿನಿಂದ ಟ್ರ್ಯಾಕ್ಟರನ್ನೇ ತಳ್ಳುತ್ತೆ. ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇದೆಯಾ? ಕತ್ತಲಾದ ಮೇಲೆ ಬರೋ ಬಸ್ಸಿಗೆ, ಬೈಕಿಗೆ ದೀಪವಿಲ್ಲದ ಟ್ರೇಲರ್ ಯಮನ ಕೋಣ ಇದ್ದಂಗೆ. ರಾತ್ರಿ ಬೀದಿಯಲ್ಲಿ ಬಿಟ್ಟ ತೊಟ್ಟಿಗೂ ಆ ಪಟ್ಟಿ ಬೇಕು. ಹೋಗೋವಾಗ ಮೇಲೆ ಟಾರ್ಪಾಲ್ ಬೇಕು. ಇಲ್ಲವಾದರೆ ಊರಿಂದ ಊರಿಗೆ ಇಟ್ಟಿಗೆ ಚೂರು ಹಂಚಿಕೊಂಡು ಹೋದಂತೆ!

ಕಾಗದ ಪತ್ರದ ವಿಷಯದಲ್ಲಿ ಉದಾಸೀನ ಬೇಡ. ವ್ಯವಸಾಯಕ್ಕೆ ಅಂತ ನೋಂದಾಯಿಸಿ, ವ್ಯವಸಾಯಕ್ಕೇ ಇನ್ಶೂರೆನ್ಸ್ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆ ಹೊಡೆದು, ಏನಾದರೂ ಹೆಚ್ಚುಕಮ್ಮಿ ಆದರೆ ವಿಮಾ ಕಂಪನಿ ಕೈ ಎತ್ತಬಹುದು. ಆಗ ಪರಿಹಾರದ ಹೊರೆ ಮಾಲೀಕನ ಹೊಲದ ಮೇಲೆ. ಹೆಚ್ಚು ಭಾರ ಹೇರಿದರೆ ೨೦೧೯ರ ತಿದ್ದುಪಡಿಯ ಪ್ರಕಾರ ಕೇಂದ್ರ ಮೋಟಾರು ವಾಹನ ಕಾಯ್ದೆಯಲ್ಲಿ ೨೦,೦೦೦ ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿ. ಒಂದು ದಿನದ ದುರಾಸೆಗೆ ತಿಂಗಳ ಕಂತು ಹೋಯಿತು!

ಈಗ ಅಸಲು ಪ್ರಶ್ನೆ

ಇಷ್ಟೆಲ್ಲಾ ನೋಡಿ, ಅಳೆದು, ಸಾಲ ಮಾಡಿ ಹುಡುಗ ಟ್ರೇಲರ್ ತಂದ ಅಂತ ಇಟ್ಟುಕೊಳ್ಳಿ. ಮೊದಲ ತೊಟ್ಟಿ ತುಂಬಿತು. ಎತ್ತಿಕೊಂಡು ಹೊರಟ. ಎಲ್ಲಿಗೆ?

ಗಾಡಿ ಕೊಳ್ಳೋ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಗದಿದ್ದರೆ ಯಾವ ಟ್ರೇಲರ್ ತಂದರೂ ಕೊನೆಗೆ ಹೋಗೋದು ಒಂದೇ ಕಡೆ: ಕತ್ತಲಾದ ಮೇಲೆ ಕೆರೆ ಅಂಗಳಕ್ಕೆ, ಇಲ್ಲಾ ರಾಜಕಾಲುವೆಗೆ.

ಲೆಕ್ಕ ನೋಡಿ. ಸುರಿಯೋ ಜಾಗ ಎಂಟು ಕಿಲೋಮೀಟರ್ ದೂರ ಇದ್ದರೆ, ತುಂಬಿದ ಟ್ರ್ಯಾಕ್ಟರ್ ಗಂಟೆಗೆ ಹದಿನೈದು ಕಿಲೋಮೀಟರ್ ಓಡಿದರೆ, ಹೋಗಿ ಬರಲು ಒಂದು ಗಂಟೆ ಮೇಲಾಯಿತು. ಎತ್ತೋದು, ಸುರಿಯೋದು, ಖಾಲಿ ತೊಟ್ಟಿ ಇಳಿಸೋದು ಸೇರಿದರೆ ದಿನಕ್ಕೆ ನಾಲ್ಕೈದು ತೊಟ್ಟಿ ಸಾಗಿಸಿದರೆ ದೊಡ್ಡದು. ಆ ಡೀಸೆಲ್ಲು, ಆ ಹೊತ್ತು ಸೇರಿಸಿಯೇ ಪ್ರಾಮಾಣಿಕ ಹುಡುಗ ಬಾಡಿಗೆ ಹೇಳಬೇಕು. ಪಕ್ಕದಲ್ಲೇ ಇನ್ನೊಬ್ಬ ಇರ್ತಾನೆ. ಊರಾಚೆ ಕೆರೆಗೆ ಸುರಿದು ಹತ್ತೇ ನಿಮಿಷದಲ್ಲಿ ವಾಪಸ್ ಬರ್ತಾನೆ, ಅರ್ಧ ಬಾಡಿಗೆಗೆ ಒಪ್ಪಿಕೊಳ್ತಾನೆ. ಗಿರಾಕಿ ಯಾರ ಕಡೆ ಹೋಗ್ತಾನೆ ಅಂತ ಬಿಡಿಸಿ ಹೇಳಬೇಕೆ? ನ್ಯಾಯವಾಗಿ ನಡೆಯೋನ ಕಂತು ನಿಲ್ಲುತ್ತೆ, ಕೆರೆ ತುಂಬೋನು ಎರಡನೇ ಗಾಡಿ ತರ್ತಾನೆ. ಇದು ಟ್ರೇಲರಿನ ತಪ್ಪಲ್ಲ, ಸುರಿಯೋ ಜಾಗ ಇಲ್ಲದ್ದರ ತಪ್ಪು.

ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಕೆರೆಯನ್ನೇ ನಂಬಿದವರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧಿ ಮಾಡಿ ೨೦೧೮ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಿದ್ದು ಅಂತರ್ಜಲ ಮೇಲೆ ಬರಲಿ ಅಂತ. ಒಂದು ಕಡೆ ಅಷ್ಟು ದೂರದಿಂದ ನೀರು ತರೋದು, ಇನ್ನೊಂದು ಕಡೆ ಆ ಕೆರೆಯ ಹೊಟ್ಟೆಗೇ ಇಟ್ಟಿಗೆ ಚೂರು ತುಂಬೋದು. ಯಾವ ಸೀಮೆ ಬುದ್ಧಿವಂತಿಕೆ ಇದು? ಕೆರೆಗೆ ಕಟ್ಟಡದ ಕಸ ಸುರಿಯಬಾರದು ಅಂತ ೨೦೧೪ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಹೇಳುತ್ತೆ. ಕಾಯ್ದೆಗೇನು ಬರ ಇಲ್ಲ. ಕಟ್ಟಡ ತ್ಯಾಜ್ಯಕ್ಕೆಂದೇ ಕೇಂದ್ರ ಸರ್ಕಾರ ೨೦೧೬ರಲ್ಲಿ ನಿಯಮ ತಂದಿತು, ೨೦೨೫ರಲ್ಲಿ ಹೊಸ ನಿಯಮ ಪ್ರಕಟಿಸಿತು. ಆದರೆ ಹೊಸ ನಿಯಮದ ಮುಖ್ಯ ಹೊರೆ ಬೀಳೋದು ೨೦,೦೦೦ ಚದರ ಮೀಟರಿನ ಮೇಲ್ಪಟ್ಟ ದೊಡ್ಡ ದೊಡ್ಡ ಕಟ್ಟಡಗಳ ಮೇಲೆ. ತಾಯಲೂರಿನ ಎರಡು ಅಂಕಣದ ಮಣ್ಣಿನ ಮನೆಯ ಗುಡ್ಡೆಗೆ ಯಾರು ದಿಕ್ಕು?

ಸುರಿದು ಮರೆತರೆ ಏನಾಗುತ್ತೆ ಅಂತ ನೋಡಲು ಬಹಳ ದೂರ ಹೋಗಬೇಕಿಲ್ಲ. ಕೆ.ಜಿ.ಎಫ್.ಗೆ ಹೋದರೆ ಸಾಕು. ಚಿನ್ನದ ಗಣಿ ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿತು. ಕೋಟಿಗಟ್ಟಲೆ ಟನ್ನಿನ ಸೈನೈಡ್ ದಿಬ್ಬಗಳು ಮಾತ್ರ ಉಳಿದವು. ಗಾಳಿ ಬಂದಾಗ ಆ ಧೂಳು ಇವತ್ತಿಗೂ ಜನರ ಮನೆಯೊಳಗೆ ಬರುತ್ತೆ. ಚಿನ್ನ ಯಾರದ್ದೋ, ಧೂಳು ಊರಿನವರದ್ದು. ಒಡೆದ ಗೋಡೆಯ ಮಣ್ಣು ಸೈನೈಡ್ ಅಲ್ಲ, ನಿಜ. ಆದರೆ ಬುದ್ಧಿ ಅದೇ.

ಏನು ಮಾಡಬೇಕು?

ಕೆಲಸ ದೊಡ್ಡದೇನಲ್ಲ. ಊರೂರಿನ ಪಂಚಾಯ್ತಿಯವರು ಗ್ರಾಮಸಭೆಯಲ್ಲೇ ಇದನ್ನು ಇಟ್ಟು, ನೀರು ಹರಿಯದ ಒಂದು ತಗ್ಗು ಜಾಗ ಗುರುತು ಮಾಡಿ, ಬೋರ್ಡು ಹಾಕಿ, ತೊಟ್ಟಿಗೆ ಇಷ್ಟು ಅಂತ ಶುಲ್ಕ ಕಟ್ಟಿಸಿಕೊಂಡು ರಸೀದಿ ಕೊಡಬೇಕು. ರಸೀದಿ ತೋರಿಸಿದ ಮೇಲೇ ಗಿರಾಕಿ ಬಾಡಿಗೆ ಕೊಡಬೇಕು. ಮನೆ ಮನೆ ಕಸಕ್ಕೆ ಪಂಚಾಯ್ತಿಗಳಲ್ಲಿ ಸ್ವಚ್ಛ ವಾಹಿನಿ ಗಾಡಿ ಬಂತು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸ್ಟೇರಿಂಗ್ ಹಿಡಿದು ಓಡಿಸಿ ತೋರಿಸಿದರು. ಗೋಡೆ ಮಣ್ಣಿಗೂ ಅಂಥದ್ದೇ ಒಂದು ದಾರಿ ಆಗದೆ?

ಮನೆ ಕೆಡವೋರಿಗೂ ಜವಾಬ್ದಾರಿ ಇದೆ. ಕಲ್ಲು ಚಪ್ಪಡಿ, ಕಂಬ, ತೊಲೆ ಬೇರೆ ಇಡಲಿ, ಅದಕ್ಕೆ ಬೆಲೆ ಇದೆ. ಹಳೇ ಮಣ್ಣು ಹೊಲಕ್ಕೆ ಹೋಗಲಿ, ಇಟ್ಟಿಗೆ ಚೂರು ಹೊಸ ಮನೆಯ ಪಾಯದ ಒಳಗೆ ತುಂಬಲು ಹೋಗಲಿ. ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತೆ, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ಒಡೆದು ತೊಟ್ಟಿಗೆ ಎಸೆಯೋದು ಬೇಡ, ಇಡಿಯಾಗಿ ಇಳಿಸಿ ಬೇರೆ ಇಡಲಿ. ಹೀಗೆ ಬೇರೆ ಮಾಡಿದರೆ ಮೂರು ತೊಟ್ಟಿಯ ಕೆಲಸ ಒಂದರಲ್ಲಿ ಮುಗಿದರೂ ಮುಗೀತು.

ದಂಧೆಗೆ ಇಳಿಯೋ ಹುಡುಗರಿಗೆ ಹೇಳೋದು ಇಷ್ಟೇ. ಮೊದಲು ಪಂಚಾಯ್ತಿ ಆಫೀಸಿಗೆ ಹೋಗಿ, ಶೋರೂಮಿಗೆ ಆಮೇಲೆ. ಸುರಿಯೋ ಜಾಗ ಎಷ್ಟು ದೂರ ಅಂತ ಗೊತ್ತಾದರೆ ಎಷ್ಟು ತೊಟ್ಟಿ ಬೇಕು, ಎಂಥಾ ಟೈರು ಬೇಕು, ಎಷ್ಟು ಬಾಡಿಗೆ ಹೇಳಬೇಕು ಎಲ್ಲಾ ತಾನಾಗೇ ಗೊತ್ತಾಗುತ್ತೆ. ಜಾಗ ಗೊತ್ತಿಲ್ಲದೆ ಟ್ರೇಲರ್ ಕೊಳ್ಳೋದು ಅಂದರೆ ಹೆಣ್ಣು ನೋಡದೆ ಛತ್ರಕ್ಕೆ ಅಡ್ವಾನ್ಸ್ ಕೊಟ್ಟಂಗೆ.

ಅಂಗಡಿಯವರು, ಬಸ್ಸಿಗೆ ಕಾಯೋರು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಮಾತು ಕೇಳಿದರೆ ಸಾಕು: "ಸುರಿಯೋದು ಎಲ್ಲಿ ಸ್ವಾಮಿ?" ಸಂಬಂಧಪಟ್ಟವರು ಕೆರೆ ತುಂಬೋ ಮುಂಚೆ ಉತ್ತರ ಕೊಡುವರೇ?