ಲಂಡನ್ನಿನ ಸುದ್ದಿ ಜಹೀರಾಬಾದಿಗೆ ಬರಬೇಕಾದರೆ

ಬೀದರ್ ಕಡೆಯವರಿಗೆ ಹೈದರಾಬಾದಿನ ಕೋಠಿ ಎಂದರೆ ಕಿವಿ-ಮೂಗು-ಗಂಟಲಿನ ಸರ್ಕಾರಿ ದವಾಖಾನೆ, ಹಳೆ ಪುಸ್ತಕಗಳ ಸಾಲು, ಗುಜರಾತಿ ಗಲ್ಲಿಯ ಮೈಕು-ವೈರಿನ ಅಂಗಡಿಗಳು. ಅಂಗಿಗೆ ಸಿಕ್ಕಿಸುವ ಬೆರಳುದ್ದದ ಮೈಕೂ ಅಲ್ಲಿ ಸಿಗುತ್ತದೆ. ವಿದೇಶಕ್ಕೆ ಹೊರಟ ಚಳವಳಿಗಾರರು ಬ್ಯಾನರು ಮಡಚಿಟ್ಟುಕೊಳ್ಳುತ್ತಾರೆ, ಅಲ್ಲಿನ ಮಾತನ್ನು ಊರಿಗೆ ತರಬಲ್ಲ ಮೈಕು ನೆನಪಾಗುವುದಿಲ್ಲ.

1999ರ ಮೇ-ಜೂನ್‌ನಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರೊಂದಿಗೆ ನೂರಾರು ರೈತರು ಯುರೋಪ್ ಸುತ್ತಿದರು. ಜೂನ್ 5ರಂದು ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಅಲ್ಲಿನ ರೈತರು ಕುಲಾಂತರಿ ಭತ್ತದ ಸಸಿ ಕಿತ್ತೆಸೆದಾಗ ನಮ್ಮವರೂ ಜೊತೆಗಿದ್ದರು. ಆ ಪ್ರಕರಣದಲ್ಲಿ ಫ್ರೆಂಚ್ ರೈತ ನಾಯಕ ಜೋಸೆ ಬೊವೆಗೆ ಶಿಕ್ಷೆಯಾಯಿತು. ಜಿ-8 ನಾಯಕರು ಸೇರಿದ್ದ ಕೊಲೋನ್‌ನಲ್ಲಿ ಯಾತ್ರೆ ಮುಗಿಯಿತು.

ಕೊಲೋನ್ ಎಲ್ಲಿದೆ ಎಂಬುದು ತಾಲ್ಲೂಕು ವರದಿಗಾರನಿಗೆ ಯಾಕೆ ಬೇಕು? ಅದೇ ಸುದ್ದಿಯನ್ನು ರಾಯಚೂರಿನಿಂದ ಶುರುಮಾಡಿ ನೋಡಿ. 1998ರ ನವೆಂಬರ್‌ನಲ್ಲಿ ಆ ಜಿಲ್ಲೆಯ ಹೊಲದಲ್ಲಿ ರೈತ ಸಂಘ ಕುಲಾಂತರಿ ಬಿ.ಟಿ. ಹತ್ತಿಯ ಪ್ರಯೋಗದ ಬೆಳೆ ಕಿತ್ತು ಸುಟ್ಟಿತ್ತು. ರಾಯಚೂರಿನಲ್ಲಿ ಹತ್ತಿ, ಮಾಂಪೆಲಿಯೆಯಲ್ಲಿ ಭತ್ತ. ನಡುವೆ ಏಳು ತಿಂಗಳೂ ಇಲ್ಲ. ಈಗದು ಊರಿನ ಸುದ್ದಿ. ಸಂಘಟನೆಗಳ ಪತ್ರಿಕಾ ಹೇಳಿಕೆಯಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದೇ ಈ ಎಳೆ. ಸಮಾವೇಶದ ಉದ್ದನೆಯ ಹೆಸರು, ಗಣ್ಯರ ಪಟ್ಟಿ, ಕೊನೆಗೊಂದು ಗುಂಪು ಫೋಟೊ. ಅದರಲ್ಲಿ ಯಾರು ಯಾವ ಊರಿನವರೆಂದು ತಿಳಿಯುವುದಿಲ್ಲ.

ಇನ್ನು ಚಹಾದಂಗಡಿಯ ಪ್ರಶ್ನೆ: ‘ಟಿಕೆಟ್ಟಿನ ರೊಕ್ಕ ಯಾರದು?’ ಕೇಳಿದವರ ಮೇಲೆ ಸಿಟ್ಟಾಗಿ ಫಲವಿಲ್ಲ. ಹೊರಡುವ ಮುನ್ನವೇ ಲೆಕ್ಕ ಬರೆದುಕೊಟ್ಟರೆ ಅರ್ಧ ಗುಸುಗುಸು ನಿಲ್ಲುತ್ತದೆ.

ಜಹೀರಾಬಾದ್ ಸೀಮೆಯ ಹೆಂಗಸರ ದಾರಿಯೇ ಬೇರೆ. ಬೀದರಿಗೆ ಹತ್ತಿರದ ಈ ಸೀಮೆಯ ಹಳ್ಳಿಗಳಲ್ಲಿ ಅವರೊಂದಿಗೆ ಕೆಲಸ ಮಾಡುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯನ್ನು ಬೆಳೆಸಿದವರಲ್ಲಿ ಮೈಸೂರಿನ ಪಿ.ವಿ. ಸತೀಶ್ ಪ್ರಮುಖರು, ದೂರದರ್ಶನದಲ್ಲಿ ಕೆಲಸ ಮಾಡಿದವರು. 2001ರ ಜೂನ್‌ನಲ್ಲಿ ಇಲ್ಲಿ ‘ಪ್ರಜಾತೀರ್ಪು’ ಎಂಬ, ಜನರೇ ತೀರ್ಪು ಕೊಡುವ ಸಭೆ ನಡೆಯಿತು. ಹೆಚ್ಚಾಗಿ ಸಣ್ಣ ರೈತರೇ, ಅವರಲ್ಲೂ ಹೆಂಗಸರೇ ತೀರ್ಪುಗಾರರು. ಬ್ರಿಟನ್ನಿನ ನೆರವಿದ್ದ, ಆಗಿನ ಅವಿಭಜಿತ ಆಂಧ್ರದ ‘ವಿಷನ್ 2020’ ಅಭಿವೃದ್ಧಿ ನೀಲನಕ್ಷೆಯನ್ನು ಅವರು ಒಪ್ಪಲಿಲ್ಲ. ಮರುವರ್ಷ ಅದೇ ಮಾತನ್ನು ರೈತ ಮಹಿಳೆಯರು ಲಂಡನ್ನಿನಲ್ಲಿ ಬ್ರಿಟಿಷ್ ಸಂಸದರ ಮುಂದೆ ಆಡಿದರು. ನೀವು ಕೊಟ್ಟ ದುಡ್ಡು ನಮ್ಮ ಹೊಲಕ್ಕೆ ಏನು ಮಾಡುತ್ತದೆ ಎಂದು ಕೊಟ್ಟವನ ಮನೆಗೇ ಹೋಗಿ ಕೇಳಿದಂತೆ. ಇಂಥ ಪಯಣಕ್ಕೆ ಊರಿನ ಎಳೆಯನ್ನು ಹುಡುಕಬೇಕಾಗಿಲ್ಲ.

ಪತ್ರಿಕೆಯವರು ಬರಲಿ ಎಂದು ಈ ಹೆಂಗಸರು ಕಾದು ಕೂತವರಲ್ಲ. ಕ್ಯಾಮೆರಾ ಕಲಿತು ವಾರಂಗಲ್‌ನ ಬಿ.ಟಿ. ಹತ್ತಿ ಬೆಳೆಗಾರರ ಪಾಡನ್ನು ತಾವೇ ಚಿತ್ರೀಕರಿಸಿದರು. 2008ರ ಅಕ್ಟೋಬರ್‌ನಲ್ಲಿ ಮಾಚನೂರಿನಿಂದ ‘ಸಂಘಂ ರೇಡಿಯೊ’ ಶುರುವಾಯಿತು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಾಗ, ಆ ಸುದ್ದಿಯನ್ನು ಹಳ್ಳಿಗೆ ಹೇಳಲು ದಲಿತ ಹೆಂಗಸರೇ ನಡೆಸುವ ಬಾನುಲಿಯೊಂದು ಊರಲ್ಲೇ ಇತ್ತು, 90.4 ಮೆಗಾಹರ್ಟ್ಸ್‌ನಲ್ಲಿ.